ಮುಚ್ಚಳದೊಳಗಿನ ಕಲೆ

ಆ ದಿನ ಸಿರಿಲ್ ಬ್ಯಾಂಬರ್ ಮಾಡಿದ ತಪ್ಪು ಇಷ್ಟೇ: ಯಾರೂ ಹೇಳದ ಒಂದು ಒಳ್ಳೆಯ ಕೆಲಸ ಮಾಡಲು ಹೋದ.

ಹಿಂದಿನ ಸಂಜೆ ಅತ್ತಿಗೆ ಹೆಸ್ಟರ್ ಲ್ಯಾಂಕಾಸ್ಟರಿನಿಂದ ಫೋನ್ ಮಾಡಿದ್ದಳು. ನಾಳೆ ನಾಲ್ಕಕ್ಕೆ ಬರುತ್ತೇನೆ, ಲಾರೆನ್ಸನ ಕಾರಿನ ಹತ್ತಿರ ಸ್ವಲ್ಪ ಕೆಲಸವಿದೆ ಎಂದು ಹೇಳಿ ಇಟ್ಟುಬಿಟ್ಟಳು. ಗಂಡ ಹೋದ ಈ ಎಂಟು ತಿಂಗಳಲ್ಲಿ ಅವಳ ಮಾತು ಕಡಿಮೆಯಾಗಿತ್ತು. ಇರುವ ಮಾತನ್ನೂ ಕೆಮ್ಮಿನ ಔಷಧಿಯ ಹಾಗೆ ಚಮಚದಲ್ಲಿ ಅಳೆದು ಕೊಡುತ್ತಿದ್ದಳು.

ಲಾರೆನ್ಸ್ ಸಿರಿಲನ ಅಣ್ಣ. ಅವನು ಬಿಟ್ಟುಹೋದ ಕಾರಿನ ಹೆಸರು ಕರ್ಲ್ಯೂ. ಇದೇ ಫ್ಲೀಟ್‌ವುಡ್ ಊರಿನಲ್ಲಿ, ಮೀನು ಮಾರುಕಟ್ಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹನ್ನೆರಡು ಜನ ಸೇರಿ ಕೈಯಲ್ಲೇ ಕಟ್ಟಿದ್ದು. ಎರಡು ಸೀಟು, ಉದ್ದ ಮೂತಿ, ಫೈಬರಿನ ಮೈ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಇನ್ನೂರು ಚಿಲ್ಲರೆ ಕಾರು ಮಾಡುವಷ್ಟರಲ್ಲಿ ಶೆಡ್ಡು ಬಾಗಿಲು ಹಾಕಿತು. ಈಗಲೂ ಆ ಕಾರು ಇಟ್ಟುಕೊಂಡಿರುವವರು ಒಂದು ಸಣ್ಣ ಮಠದ ಶಿಷ್ಯರ ಹಾಗೆ. ತಮ್ಮದೇ ಕ್ಲಬ್ಬು, ತಮ್ಮದೇ ಮಡಿ, ತಮ್ಮದೇ ಮೈಲಿಗೆ.

ಹೆಸ್ಟರಳ ಮನೆ ಮೂರನೇ ಮಹಡಿಯಲ್ಲಿ. ಕಾರು ನಿಲ್ಲಿಸಲು ಜಾಗವಿಲ್ಲ; ಲಾರೆನ್ಸ್ ಬಾಡಿಗೆಗೆ ಹಿಡಿದಿದ್ದ ಗ್ಯಾರೇಜನ್ನೂ ಬಿಡಬೇಕಾಗಿತ್ತು. ಅಂತ್ಯಕ್ರಿಯೆಯಾದ ವಾರ ಅವಳು ಕೀಲಿಯನ್ನು ಸಿರಿಲನ ಅಂಗೈಯಲ್ಲಿಟ್ಟು, "ನಿನ್ನ ಹತ್ರಾನೇ ಇರ್ಲಿ. ಬೇರೆಯವರ ಹತ್ರ ಬಿಡೋಕೆ ಮನಸ್ಸಿಲ್ಲ" ಎಂದಿದ್ದಳು. ಸಿರಿಲ್ ಮೂವತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು. ಆಲೂಗಡ್ಡೆ ಮೂಟೆಗಿಂತ ಬೆಲೆಯುಳ್ಳದ್ದನ್ನು ಯಾರೂ ಅವನ ಕೈಗೆ ಕೊಟ್ಟಿರಲಿಲ್ಲ. ಸಿರಿಲನ ಕೈಗೆ ಚಮಚ ಕೊಟ್ಟರೂ ವಾಪಸ್ಸು ಬರುವಾಗ ಅದು ಸೊಟ್ಟಗಾಗಿರುತ್ತೆ ಎಂದು ಲಾರೆನ್ಸೇ ಹೇಳುತ್ತಿದ್ದ. ಅಂಥವನಿಗೆ ಅಣ್ಣನ ಕಾರು. ಎಂಟು ತಿಂಗಳು ಅವನು ಅದಕ್ಕೆ ಹೊದಿಕೆ ಹೊದಿಸಿ, ತೆಗೆದು, ಮತ್ತೆ ಹೊದಿಸಿದ. ಹೆಸ್ಟರ್ ನಂಬಿದ್ದಾಳೆ ಎನ್ನುವುದು ಅವನಿಗೆ ಬೆಳಿಗ್ಗೆ ಎದ್ದಾಗ ನೆನಪಾಗುವ ಮೊದಲ ಸಂಗತಿಯಾಗಿತ್ತು.

ಈಗ ಅವಳು ಬರುತ್ತಿದ್ದಾಳೆ. ಕಾರಿನಲ್ಲಿ ಕೂರುತ್ತಾಳೆ, ಕೀಲಿ ತಿರುಗಿಸುತ್ತಾಳೆ, ಸಮುದ್ರದ ಕಡೆ ಹೊರಡುತ್ತಾಳೆ ಎಂದು ಸಿರಿಲ್ ತಾನೇ ಊಹಿಸಿಕೊಂಡ. ಪೆಟ್ರೋಲಿನ ಮುಳ್ಳು ನೋಡಿದರೆ ತಳದಲ್ಲಿ ಮಲಗಿತ್ತು. ಅವಳು ಅಷ್ಟು ದೂರ ಬಂದು, ಧೈರ್ಯ ಮಾಡಿ ಹತ್ತಿ, ಬೀದಿಯ ಕೊನೆಯಲ್ಲಿ ಕಾರು ಕೆಮ್ಮಿ ನಿಂತುಬಿಟ್ಟರೆ? ಆ ಚಿತ್ರವನ್ನು ತಾಳಲಾರದೆ ಬೆಳಿಗ್ಗೆ ಎಂಟಕ್ಕೆ ಕಾರನ್ನು ಬಂಕಿಗೆ ಹೊರಡಿಸಿದ.

ಹೊರಡುವಷ್ಟರಲ್ಲಿ ಪಕ್ಕದ ಸೀಟಿನಲ್ಲಿ ನೆವಿಲ್ ಕಾರ್ಡ್‌ವೆಲ್ ಕೂತಾಗಿತ್ತು. ಪಕ್ಕದ ಮನೆಯವನು. ಶಾಲೆಯ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಸೀಸೆ ತೊಳೆದವನಾದ್ದರಿಂದ ಜಗತ್ತಿನ ದ್ರವಗಳೆಲ್ಲ ತನ್ನ ಇಲಾಖೆ ಎಂದು ತಿಳಿದಿದ್ದ. ಯಾವ ಪೆಟ್ರೋಲು ಹಾಕಿಸುತ್ತೀಯೆಂದು ಕೇಳಿದ. ಸಿರಿಲ್ ಗ್ಯಾರೇಜಿನ ಗೋಡೆಯತ್ತ ತೋರಿಸಿದ. ಅಲ್ಲಿ, ಅಣ್ಣನ ಗ್ಯಾರೇಜಿನ ಗೋಡೆಯಿಂದ ಕಾರಿನ ಜೊತೆಗೇ ಕಿತ್ತು ತಂದ ಲಾರೆನ್ಸನ ದಪ್ಪಕ್ಷರದ ಚೀಟಿ ಅಂಟಿಸಿತ್ತು: 'ಐದು ಮಾತ್ರ. ಹತ್ತು ಖಂಡಿತ ಬೇಡ.'

ಈ ದೇಶದ ಬಂಕುಗಳಲ್ಲಿ ಈಗ ಎರಡು ಬಗೆಯ ಪೆಟ್ರೋಲು. ಒಂದರಲ್ಲಿ ನೂರಕ್ಕೆ ಐದು ಪಾಲು ಮದ್ಯಸಾರ ಬೆರೆಸಿರುತ್ತಾರೆ, ಇನ್ನೊಂದರಲ್ಲಿ ಹತ್ತು. ಹೊಸ ಕಾರುಗಳು ಎರಡನ್ನೂ ಕುಡಿದು ಸುಮ್ಮನಿರುತ್ತವೆ. ಹಳೆಯ ಕರ್ಲ್ಯೂಗಳಿಗೆ ಹತ್ತು ಆಗಿಬರುವುದಿಲ್ಲ, ಒಳಗಿನ ರಬ್ಬರು ಪೈಪುಗಳು ಅಂಬಲಿಯಾಗಿ ಹೋಗುತ್ತವೆ ಎಂದು ಕ್ಲಬ್ಬಿನವರ ಶಾಸ್ತ್ರ. ಲಾರೆನ್ಸನಾದರೂ ಹುಟ್ಟಾ ಮೆಥಡಿಸ್ಟ್, ಕುಡಿತ ಒಲ್ಲದ ಪಂಗಡದವನು, ಕ್ರಿಸ್ಮಸ್ಸಿಗೂ ಒಂದು ತೊಟ್ಟು ಮುಟ್ಟಿದವನಲ್ಲ. ಅವನ ಕಾರು ಐದರಲ್ಲಿ ನಿಲ್ಲುವುದು ಸಿರಿಲನಿಗೆ ಸಹಜವಾಗಿಯೇ ಕಂಡಿತ್ತು.

ಬಂಕಿನಲ್ಲಿ ಐದರ ಪೈಪಿಗೆ ಹಳದಿ ಪ್ಲಾಸ್ಟಿಕ್ಕಿನ ಟೋಪಿ ಹಾಕಿದ್ದರು. ಖಾಲಿ. ಹತ್ತು ಮಾತ್ರ ಉಂಟು. ಕಾರು ದಾರಿಯಲ್ಲೇ ಎರಡು ಸಲ ಬಿಕ್ಕಳಿಸಿತ್ತು. ಹಾಗೇ ಮನೆ ಮುಟ್ಟುವುದು ಅನುಮಾನ. ಹಿಂದೆ ಬ್ರೆಡ್ಡಿನ ವ್ಯಾನಿನವನು ಹಾರನ್ನಿನ ಮೇಲೆ ಕೈಯಿಟ್ಟು ಕೂತಿದ್ದ. ಎರಡು ಲೀಟರು ಹಾಕಿಸೋಣ, ಮನೆ ಸೇರುವಷ್ಟು ಸಾಕು ಎಂದು ಸಿರಿಲ್ ಮೆಲ್ಲಗೆ ಹೇಳಿದ.

"ಎರಡು ಲೀಟರ್ ವಿಷ ಕುಡಿದ್ರೆ ಅರ್ಧ ಸಾಯ್ತಾರೇನಯ್ಯಾ?" ಎಂದ ನೆವಿಲ್.

ಸಿರಿಲ್ ಪೆಟ್ರೋಲಿನ ಮುಚ್ಚಳ ತೆರೆದ. ಹೊರಗೊಂದು ಬಣ್ಣದ ಕದ, ಅದರ ಹಿಂದೆ ಬೋಗುಣಿಯಂಥ ತಗ್ಗು, ಆ ತಗ್ಗಿನಲ್ಲಿ ಟ್ಯಾಂಕಿನ ಬಾಯಿ; ಒಳಗೆಲ್ಲ ಜಿಡ್ಡು ಮೆತ್ತಿ ಕಪ್ಪಾಗಿತ್ತು. ಪೈಪಿನ ಮೂತಿಯನ್ನು ಬಾಯಿಗಿಟ್ಟು ಒತ್ತಿದ. ಮೀಟರಿನ ಅಂಕಿ ಎರಡು ದಾಟುತ್ತಲೂ ನೆವಿಲ್ ಸಾಕು ಸಾಕೆಂದು ಅವನ ಮೊಣಕೈ ಎಳೆದ. ಮೂತಿ ಹೊರಬಂತು, ಪೆಟ್ರೋಲು ನಿಲ್ಲಲಿಲ್ಲ. ತಗ್ಗು, ಕದದ ಒಳಮೈ, ಸಿರಿಲನ ಬಲ ತೋಳು ಎಲ್ಲಕ್ಕೂ ಅಭಿಷೇಕವಾಯಿತು.

ಸಿರಿಲ್ ಕರ್ಚೀಫು ತೆಗೆದು ಒರೆಸಿದ. ಒರೆಸಿದವನು ಹಾಗೇ ನಿಂತ.

ಕಾರು ಕಡು ನೀಲಿ. ಅಷ್ಟು ನೀಲಿಯ ನಡುವೆ, ಕದದ ಒಳಗೆ, ಅವನ ಕರ್ಚೀಫು ಆಡಿದ ಕಡೆ ಒಂದು ಹೆಬ್ಬೆರಳಿನಗಲ ಹಸಿರು. ತಲೆ ಬಾಗಿಸಿದರೆ ಅದೇ ಜಾಗ ನೇರಳೆ. ಇನ್ನಷ್ಟು ಬಾಗಿಸಿದರೆ ತಾಮ್ರ. ಮಳೆ ನಿಂತ ರಸ್ತೆಯ ಮೇಲೆ ಎಣ್ಣೆ ತೊಟ್ಟಿಕ್ಕಿದರೆ ಹರಡುತ್ತದಲ್ಲ, ಹಾಗೆ. ಒರೆಸಿದರೆ ಮಾತ್ರ ಹೋಗಲೊಲ್ಲದು.

ನೆವಿಲ್ ಬಗ್ಗಿದ. ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ಆಮೇಲೆ ಡಾಕ್ಟರು ಮನೆಯವರನ್ನು ಪಕ್ಕಕ್ಕೆ ಕರೆದು ಹೇಳುವ ದನಿಯಲ್ಲಿ, "ಶುರುವಾಯ್ತು ಸಿರಿಲ್. ಬಣ್ಣ ತಿನ್ತಾ ಇದೆ" ಎಂದ.

ಮನೆಗೆ ಬಂದು ಗ್ಯಾರೇಜಿನ ಬಾಗಿಲು ಮುಚ್ಚುವ ಮೊದಲೇ ಎದುರುಮನೆಯ ಡಿಲಿಸ್ ಬಂದಳು. ಕಿಟಕಿ ಒರೆಸುವ ನೆಪದಲ್ಲಿ ಇಡೀ ಬೀದಿಯನ್ನೇ ಕಣ್ಣಲ್ಲಿ ಒರೆಸುವವಳು ಅವಳು. ಕಾರು ಹೋದದ್ದನ್ನೂ ಬಂದದ್ದನ್ನೂ ನೋಡಿದ್ದಳು. ನೆವಿಲ್ ಅವಳಿಗೆ ಮದ್ಯಸಾರ ಬಣ್ಣವನ್ನು ಹೇಗೆ ಕರಗಿಸುತ್ತದೆಂದು ವಿವರಿಸುತ್ತಿದ್ದಂತೆ ಅವಳು ವಿನಿಗರ್ ತರಲು ಹೋಗಿಯಾಗಿತ್ತು. ಅವಳ ಪ್ರಕಾರ ವಿನಿಗರಿಗೆ ಹೋಗದ ಕಲೆ ಈ ಭೂಮಿಯ ಮೇಲಿಲ್ಲ.

ವಿನಿಗರ್ ಹಾಕಿ ಉಜ್ಜಿದರು. ಹೆಬ್ಬೆರಳಿನಗಲ ಇದ್ದದ್ದು ಬಿಸ್ಕತ್ತಿನಗಲವಾಯಿತು. ಅಡುಗೆ ಸೋಡಾ ಹಾಕಿ ಉಜ್ಜಿದರು. ತಟ್ಟೆಯಗಲವಾಯಿತು. ಟೂತ್‌ಪೇಸ್ಟು ಹಚ್ಚಿ ಉಜ್ಜಿದ ಮೇಲೆ ಕದದ ಒಳಮೈ, ಬೋಗುಣಿಯ ತಗ್ಗು ಎಲ್ಲವೂ ಹಸಿರು, ನೇರಳೆ, ತಾಮ್ರವಾಗಿ, ಗ್ಯಾರೇಜಿನ ಮಂಕು ದೀಪದಡಿ ನವಿಲು ಒಳಗೆ ಹೊಕ್ಕು ಕೂತ ಹಾಗೆ ಮಿಂಚತೊಡಗಿತು. ಪ್ರತಿ ಸಲವೂ ಬಟ್ಟೆಗೆ ಮಾತ್ರ ಕಪ್ಪು ಹತ್ತುತ್ತಿತ್ತು. ನೀಲಿ ಬಣ್ಣ ಸತ್ತರೆ ಕಪ್ಪಾಗುತ್ತದೆ ಎಂದು ನೆವಿಲ್ ಹೇಳಿದ.

ಡಿಲಿಸ್ ಕೈಕಟ್ಟಿ ನಿಂತು, ಇದು ಕೈಯಾಚೆ ಹೋಯಿತು, ಹೆಸ್ಟರಿಗೆ ಈಗಲೇ ಫೋನ್ ಮಾಡಿ ಹೇಳಿಬಿಡಪ್ಪಾ ಎಂದಳು. ಆ ದಿನ ಯಾರಾದರೂ ಹೇಳಿದ ಬುದ್ಧಿಮಾತು ಇದೊಂದೇ. ಸಿರಿಲ್ ಫೋನ್ ಕೈಗೆತ್ತಿಕೊಂಡ. ಏನು ಹೇಳುವುದು? ಎಂಟು ತಿಂಗಳು ಕಾದಿಟ್ಟೆ, ಎಂಟೇ ನಿಮಿಷದಲ್ಲಿ ಹಾಳುಮಾಡಿದೆ ಎಂದೇ? ಅವಳು ಬೈಯುವವಳಲ್ಲ. ಇರಲಿ ಬಿಡು ಎನ್ನುತ್ತಾಳೆ. ಈಚೆಗೆ ಎಲ್ಲದಕ್ಕೂ ಇರಲಿ ಬಿಡು ಎನ್ನುತ್ತಾಳೆ. ಅದನ್ನು ಕೇಳುವುದಕ್ಕಿಂತ ಬೈಸಿಕೊಳ್ಳುವುದು ಮೇಲು ಎನಿಸಿ ಫೋನನ್ನು ಜೇಬಿಗೆ ಹಾಕಿದ.

ಮೊದಲು ವಿಷ ಹೊರಗೆ ತೆಗೀಬೇಕು ಎಂದ ನೆವಿಲ್. ಟ್ಯಾಂಕಿಗೆ ರಬ್ಬರು ಕೊಳವೆ ಇಳಿಬಿಟ್ಟು ಇನ್ನೊಂದು ತುದಿಯಲ್ಲಿ ಬಾಯಿಟ್ಟು ಎಳೆಯಬೇಕು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲ್ಯಾಬಿನಲ್ಲಿ ಕೊಳವೆಗೆ ಬಾಯಿಡಬೇಡಿ ಎಂದು ಹೇಳಿದವನಾದ್ದರಿಂದ ತಾನು ಇಡುವುದು ಸರಿಯಲ್ಲವೆಂದು ಅವನು ಹಿಂದೆ ಸರಿದ. ಸಿರಿಲ್ ಎಳೆದ. ಒಂದು ಗುಟುಕು ಒಳಗೂ ಹೋಯಿತು. ಅಲ್ಲಿಂದ ಸಂಜೆಯವರೆಗೆ ಕುಡಿದ ಚಹವೆಲ್ಲ ಬಂಕಿನ ರುಚಿಯೇ. ಬಂದಷ್ಟನ್ನು ಡಿಲಿಸಳ ಗಿಡಕ್ಕೆ ನೀರು ಹಾಕುವ ಡಬ್ಬದಲ್ಲಿ ಹಿಡಿದರು. ಅದನ್ನು ನೆವಿಲ್ ತನ್ನ ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತೆಗೆದುಕೊಂಡು ಹೋದ. ಆ ಯಂತ್ರಕ್ಕೆ ನೇಮನಿಷ್ಠೆ ಏನೂ ಇಲ್ಲವಂತೆ.

ಇನ್ನು ಐದನ್ನು ತರಬೇಕು. ಹತ್ತಿರದ ಇನ್ನೊಂದು ಬಂಕು ಇರುವುದು ಕ್ಲೀವ್‌ಲಿಸಿನಲ್ಲಿ. ನೆವಿಲನಿಗೆ ಕಾರಿದೆ, ಆದರೆ ಅವನು ಸಲಹೆಯನ್ನು ಧಾರಾಳವಾಗಿ ಕೊಡುವವನೇ ಹೊರತು ಕಾರನ್ನಲ್ಲ. ಸಿರಿಲ್ ಖಾಲಿ ಕ್ಯಾನು ಹಿಡಿದು ಟ್ರಾಮು ಹತ್ತಿದ. ತುಂಬಿದ ಕ್ಯಾನು ಹಿಡಿದು ಹತ್ತಲು ಹೋದಾಗ ಟ್ರಾಮಿನ ಕಂಡಕ್ಟರ್ ಹೆಂಗಸು ಕೈ ಅಡ್ಡ ಹಿಡಿದಳು. ಅವನ ತೋಳಿನ ವಾಸನೆ ಹಿಡಿದು, ಕ್ಯಾನೊಂದೇ ಅಲ್ಲ, ನಿಮ್ಮನ್ನು ಹತ್ತಿಸಿಕೊಳ್ಳುವುದಕ್ಕೂ ನನಗೆ ಭಯ ಎಂದಳು. ಸಮುದ್ರದ ದಂಡೆಯ ಗೋಡೆಗುಂಟ ನಾಲ್ಕು ಮೈಲಿ ಅವನು ನಡೆದುಕೊಂಡೇ ಬಂದ. ಗಾಳಿ ಎದುರಿಗಿತ್ತು. ಕ್ಯಾನನ್ನು ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ದಾಟಿಸುತ್ತಾ, ನಾಲ್ಕಕ್ಕೆ ಎಷ್ಟು ಹೊತ್ತಿದೆಯೆಂದು ಹೆಜ್ಜೆಗೊಮ್ಮೆ ನೋಡಿಕೊಳ್ಳುತ್ತಾ ಬಂದ. ದಾರಿಯಲ್ಲಿ ಸಿಗರೇಟು ಹಚ್ಚಿಕೊಂಡ ಇಬ್ಬರು ಅವನನ್ನು ಕಂಡು ರಸ್ತೆ ದಾಟಿದರು.

ಮನೆ ಮುಂದೆ ಬಿಳಿ ವ್ಯಾನೊಂದು ನಿಂತಿತ್ತು. ಕೆಳಗಿನ ಬೀದಿಯಲ್ಲಿ ಯಾರದೋ ಬಂಪರಿಗೆ ಬಣ್ಣ ಹಚ್ಚುತ್ತಿದ್ದ ಸ್ಟ್ಯಾನ್ ಪಿಲ್ಲಿಂಗನನ್ನು ಡಿಲಿಸ್ ತೋಳು ಹಿಡಿದು ಎಳೆದು ತಂದಿದ್ದಳು. ಮನೆಬಾಗಿಲಿಗೆ ಬಂದು ಕಾರಿನ ಗೀರು, ತರಚು ಮುಚ್ಚಿಕೊಡುವ ಪೇಂಟರ್ ಅವನು. ದಪ್ಪ ಬೆರಳು, ಮೆಲುಮಾತು. ಗ್ಯಾರೇಜಿನೊಳಗೆ ಮೊಣಕಾಲೂರಿ ಕೂತು ಮುಚ್ಚಳದೊಳಗೆ ನೋಡುತ್ತಿದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ.

"ಇದು ಕಲೇನಾ?" ಎಂದು ಕೇಳಿದ. "ಇಷ್ಟು ಚಂದದ ಕಲೆ ನಾನು ಎಲ್ಲೂ ನೋಡಿಲ್ಲ."

ನೆವಿಲ್ ಅವನಿಗೆ ಮದ್ಯಸಾರದ ಪಾಠವನ್ನು ಮೊದಲಿನಿಂದ ಹೇಳಿದ. ತಾನು ಕಂಪನಿಗೆ ದೂರು ಬರೆಯುವುದಾಗಿಯೂ, ಅದಕ್ಕಾಗಿ ಕಲೆಯ ಫೋಟೋ ತೆಗೆದಿಟ್ಟಿರುವುದಾಗಿಯೂ ಹೇಳಿ ಫೋನು ತೋರಿಸಿದ. ಫೋಟೋದಲ್ಲಿ ಒಂದು ಬಿಳಿ ಮಿಂಚು, ಅದರ ಸುತ್ತ ಕತ್ತಲೆ, ಮೂಲೆಯಲ್ಲಿ ನೆವಿಲನ ಹೆಬ್ಬೆರಳು ಇದ್ದವು.

ಸ್ಟ್ಯಾನನ ಹತ್ತಿರ ಒಂದು ಸಣ್ಣ ಯಂತ್ರವಿತ್ತು. ಅದನ್ನು ಬಣ್ಣದ ಮೇಲಿಟ್ಟರೆ ಯಾವ ಬಣ್ಣ ಎಷ್ಟು ಪಾಲು ಸೇರಿದೆಯೆಂದು ಹೇಳುತ್ತದೆ. ಸುಮ್ಮನೆ ಕುತೂಹಲಕ್ಕೆ ಅದನ್ನು ಕಲೆಯ ಮೇಲಿಟ್ಟ. ಒಂದು ಸಲ ಒಂದು ಹೇಳಿತು. ಮತ್ತೆ ಇಟ್ಟರೆ ಇನ್ನೊಂದು. ಮೂರನೆಯ ಸಲ ಏನೂ ಹೇಳದೆ ಕೆಂಪು ದೀಪ ಮಿನುಗಿಸಿತು. ಕಲೆಗೆ ಸೂತ್ರ ಇರೋಲ್ಲ ಬಿಡಿ ಎಂದು ಯಂತ್ರವನ್ನು ಬಾನೆಟ್ಟಿನ ಮೇಲಿಟ್ಟ. ಕಡು ನೀಲಿಯ ಪಾಲುಗಳು ಒಂದರ ಕೆಳಗೊಂದು ಶಿಸ್ತಾಗಿ ಮೂಡಿದವು.

ನಾಲ್ಕರೊಳಗೆ ಆಗುತ್ತದೆಯೇ ಎಂದು ಸಿರಿಲ್ ಕೇಳಿದ. ಆಗುತ್ತದೆ, ಬಿಸಿ ದೀಪ ಇಟ್ಟು ಒಣಗಿಸುತ್ತೇನೆ ಎಂದ ಸ್ಟ್ಯಾನ್. ಬಣ್ಣ ಹೊಂದುತ್ತದೆಯೇ ಎಂದು ಕೇಳಿದ್ದಕ್ಕೆ ಮಾತ್ರ ಅವನು ತಲೆಯೆತ್ತಿ ನೋಡಿದ.

"ಬಣ್ಣ ಹೊಂದಿಸೋದು ಅಂದ್ರೆ ಹೊಸಾ ಬಣ್ಣ ಬಳಿಯೋದಲ್ಲ ಸಾರ್. ಈ ಕಾರಿಗೆ ಎಷ್ಟು ವಯಸ್ಸಾಗಿದೆ ಅಂತ ಡಬ್ಬಿಗೆ ಹೇಳಿಕೊಡೋದು."

ವ್ಯಾನಿನ ಹಿಂದೆ ನಿಂತು ಅವನು ತೊಟ್ಟು ತೊಟ್ಟಾಗಿ ಹೇಳಿಕೊಡತೊಡಗಿದ. ನೀಲಿಗೆ ಒಂದು ತೊಟ್ಟು ಕಪ್ಪು, ಅರ್ಧ ತೊಟ್ಟು ಬಿಳಿ, ಇಪ್ಪತ್ತು ಬೇಸಿಗೆಯ ಬಿಸಿಲಿಗೆಂದು ಕಡ್ಡಿಯ ತುದಿಯಲ್ಲಿ ಒಂಚೂರು ಹಳದಿ. ರಟ್ಟಿನ ತುಂಡಿಗೆ ಬಳಿದು, ಹೊರಗೆ ಹಗಲಿಗೆ ಹಿಡಿದು, ತಲೆಯಾಡಿಸಿ, ಮತ್ತೆ ಬೆರೆಸಿದ. ನೆವಿಲ್ ಮತ್ತು ಡಿಲಿಸ್ ಎರಡು ಕಡೆ ನಿಂತು, ಒಬ್ಬ ಕಪ್ಪು ಹೆಚ್ಚಾಯಿತೆಂದೂ ಇನ್ನೊಬ್ಬಳು ಕಡಿಮೆಯಾಯಿತೆಂದೂ ಹೇಳುತ್ತಿದ್ದರು.

ಸಿರಿಲ್ ಗ್ಯಾರೇಜಿನಲ್ಲಿ ಒಬ್ಬನೇ ಉಳಿದ. ತಂದ ಐದನ್ನು ಟ್ಯಾಂಕಿಗೆ ಸುರಿದ. ಈ ಸಲ ಒಂದು ತೊಟ್ಟೂ ಚೆಲ್ಲಲಿಲ್ಲ. ಆಮೇಲೆ, ಮಾಡಲು ಬೇರೇನೂ ಇಲ್ಲದೆ, ಮುಚ್ಚಳದೊಳಗೆ ನೋಡಿದ.

ಚಿಕ್ಕವರಿದ್ದಾಗ, ಮಳೆ ನಿಂತ ಮೇಲೆ, ಅವನೂ ಲಾರೆನ್ಸನೂ ಮೀನಿನ ಹಡಗುಗಳ ಕಟ್ಟೆಗೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಗುಂಡಿಯ ನೀರಿನ ಮೇಲೆ ಡೀಸೆಲ್ಲಿನ ಬಣ್ಣಗಳು ಸುತ್ತುತ್ತಿದ್ದವು. ಲಾರೆನ್ಸ್ ಕಡ್ಡಿಯಿಂದ ಅದನ್ನು ಮೆಲ್ಲಗೆ ಕಲಕುತ್ತಿದ್ದ. ಒಡೆದದ್ದು ಮತ್ತೆ ಕೂಡಿಕೊಳ್ಳುತ್ತಿತ್ತು. ಹೀಗೆ ಕೂಡಿದಾಗ ಮೊದಲಿದ್ದ ಹಾಗೇ ಇರುತ್ತದೆಯೇ, ಬೇರೆಯೇ ಎಂದು ಇಬ್ಬರೂ ವಾದ ಮಾಡುತ್ತಿದ್ದರು. ಯಾರು ಗೆದ್ದರೆಂದು ಸಿರಿಲನಿಗೆ ನೆನಪಾಗಲಿಲ್ಲ. ಕಲೆಯಾಗಿರದಿದ್ದರೆ ಇದನ್ನು ದಿನವಿಡೀ ನೋಡುತ್ತಾ ಕೂರಬಹುದಿತ್ತು ಎಂದುಕೊಂಡ.

ಸ್ಟ್ಯಾನ್ ಬಣ್ಣ ಕೆರೆಯುವ ಉಪ್ಪುಕಾಗದ ಹಿಡಿದು ಬಂದು, ಶುರುಮಾಡಲೇ ಎಂದು ಕೇಳಿದ. ಸಿರಿಲ್ ಇನ್ನೊಮ್ಮೆ ಮುಚ್ಚಳದೊಳಗೆ ನೋಡಿದ. ಆಮೇಲೆ ಗಡಿಯಾರ ನೋಡಿದ. ಎರಡೂವರೆ.

"ಪೂರ್ತಿ ತೆಗೆದುಬಿಡಿ," ಎಂದ. "ಒಂದು ಚೂರೂ ಕಾಣಬಾರದು."

ಸ್ಟ್ಯಾನ್ ಅರೆಬರೆ ಕೆಲಸ ಮಾಡುವವನಲ್ಲ. ಕೆಳಗಿನ ಫೈಬರು ಬೆಳ್ಳಗೆ ಕಾಣುವವರೆಗೆ ಉಜ್ಜಿದ. ನೆಲದ ಮೇಲೆ ಬಿದ್ದ ಪುಡಿ ಬೂದುಬಣ್ಣದ್ದು; ಅದರಲ್ಲಿ ಹಸಿರೂ ಇರಲಿಲ್ಲ, ನೇರಳೆಯೂ ಇರಲಿಲ್ಲ. ಡಿಲಿಸ್ ಸುಮ್ಮನಿರಲಾರದೆ ಒದ್ದೆ ಬಟ್ಟೆಯಲ್ಲಿ ಅದನ್ನೂ ಒರೆಸಿ ಚರಂಡಿಗೆ ಹಿಂಡಿದಳು. ಬಣ್ಣ ಸಿಂಪಡಿಸಿದ್ದಾಯಿತು, ದೀಪ ಇಟ್ಟದ್ದಾಯಿತು, ಹೊಳಪು ಕೊಟ್ಟದ್ದಾಯಿತು. ಮೂರೂಮುಕ್ಕಾಲಿಗೆ ನಾಲ್ವರೂ ಸಾಲಾಗಿ ನಿಂತು ನೋಡಿದರು. ಹೊರಗಿನ ನೀಲಿ ಎಲ್ಲಿ ಮುಗಿದು ಒಳಗಿನ ನೀಲಿ ಎಲ್ಲಿ ಶುರುವಾಗುತ್ತದೆಯೆಂದು ಹೇಳಲು ಯಾರಿಂದಲೂ ಆಗಲಿಲ್ಲ. ನೆವಿಲ್ ಕೂಡ ಬಾಯಿಮುಚ್ಚಿದ. ಸಿರಿಲನಿಗೆ ಆ ಬೆಳಗಿನಿಂದ ಮೊದಲ ಸಲ ಉಸಿರು ಹೊಟ್ಟೆಯವರೆಗೆ ಇಳಿಯಿತು.

ಹೆಸ್ಟರ್ ಸರಿಯಾಗಿ ನಾಲ್ಕಕ್ಕೆ ಬಂದಳು. ಬೂದು ಬಣ್ಣದ ಮಳೆಕೋಟು, ಹೆಗಲಿಗೊಂದು ಸಣ್ಣ ಚೀಲ. ಮುಖ ಸ್ವಲ್ಪ ತೆಳ್ಳಗಾಗಿತ್ತು. ಸಿರಿಲ್ ಚಹಕ್ಕೆ ನೀರಿಡಲು ಹೋದವನನ್ನು ತಡೆದು, ಮೊದಲು ಕೆಲಸ ಎಂದು ಗ್ಯಾರೇಜಿಗೆ ನಡೆದಳು. ಕೀಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಚೀಲದಿಂದ ಒಂದು ಸ್ಕ್ರೂಡ್ರೈವರ್ ತೆಗೆದಳು. ಅದರ ಹಿಂದೆಯೇ, ನಾಲ್ಕಾಗಿ ಮಡಿಸಿದ ಮೆತ್ತನೆಯ ಉಣ್ಣೆ ಬಟ್ಟೆ.

"ಓಡಿಸೋಕೆ ಬಂದಿಲ್ಲ ಸಿರಿಲ್. ಪೆಟ್ರೋಲ್ ಮುಚ್ಚಳ ಒಂದು ಬಿಚ್ಚಿಕೊಂಡು ಹೋಗ್ತೀನಿ, ಅಷ್ಟೇ."

ಅದ್ಯಾಕೆಂದು ಸಿರಿಲ್ ಕೇಳಿದ.

ಅವಳು ಆ ಎಂಟು ತಿಂಗಳಲ್ಲೇ ಅತಿ ಉದ್ದದ ಮಾತು ಆಡಿದ್ದು ಆಗ. ನೆವಿಲ್, ಡಿಲಿಸ್, ಬಾಗಿಲಲ್ಲಿ ಡಬ್ಬಿ ಮುಚ್ಚುತ್ತಿದ್ದ ಸ್ಟ್ಯಾನ್ ಎಲ್ಲರೂ ಇದ್ದರು. ಅವಳು ಯಾರನ್ನೂ ಗಮನಿಸಲಿಲ್ಲ. ಈ ಕಾರು ಮೊದಲು ನೀಲಿ ಇರಲಿಲ್ಲವಂತೆ. ಸಿರಿಲ್ ಆಗ ಹಡಗಿನಲ್ಲಿದ್ದ, ಅವನು ನೋಡಿಲ್ಲ. ಲಾರೆನ್ಸ್ ಅವಳನ್ನು ಮೊದಲ ಸಲ ಕರೆದೊಯ್ಯಲು ಬಂದಾಗ ಅದರ ಬಣ್ಣ ಒಂದು ಕಡೆಯಿಂದ ಒಂದು, ಇನ್ನೊಂದು ಕಡೆಯಿಂದ ಇನ್ನೊಂದು. ಶೆಡ್ಡಿನಲ್ಲಿ ಮುದುಕನೊಬ್ಬ ಕಣ್ಣಂದಾಜಿನಲ್ಲಿ ಕಲಸಿದ್ದು. ಆ ಒಂದೇ ಕಾರಿಗೆ. ಅವಳ ಅಪ್ಪ ಪರದೆ ಸರಿಸಿ ನೋಡಿ, ಬಾಗಿಲಿಗೆ ಬಂದಿರೋದು ಅಳಿಯನೋ ಜೀರುಂಡೆಯೋ ಎಂದು ಕೇಳಿದ್ದರು. ಮುಂದಿನ ತಿಂಗಳು ಲಾರೆನ್ಸ್ ಯಾರಿಗೂ ಹೇಳದೆ ಕಾರಿಗೆ ಮರ್ಯಾದಸ್ಥರ ನೀಲಿ ಬಳಿಸಿಕೊಂಡು ಬಂದ.

"ನಾನು ಮೂರು ದಿನ ಮಾತು ಬಿಟ್ಟೆ," ಎಂದಳು ಹೆಸ್ಟರ್. "ಆಗ ತೋರಿಸ್ದ. ಮುಚ್ಚಳದೊಳಗೆ ಮಾತ್ರ ಹಳೇ ಬಣ್ಣ ಹಾಗೇ ಉಳಿಸಿದ್ದ. ಆಮೇಲೆ ಪೆಟ್ರೋಲ್ ಹಾಕಿಸೋವಾಗೆಲ್ಲ ನನ್ನನ್ನ ಇಳಿಸಿ ಕರೀತಿದ್ದ. ಬಾ, ನಿಮ್ಮಪ್ಪ ನೋಡದೇ ಇರೋದು ನೋಡು ಬಾ ಅಂತ."

ಪ್ರೆಸ್ಟನಿನಲ್ಲಿ ಒಬ್ಬ ಪೇಂಟರ್ ಇದ್ದಾನೆ, ಎಂಥ ಬಣ್ಣವನ್ನಾದರೂ ಹೊಂದಿಸುತ್ತಾನೆ, ಆದರೆ ಕಣ್ಣಿಗೆ ನಮೂನೆ ಬೇಕು ಅನ್ನುತ್ತಾನೆ ಎಂದು ಅವಳು ಹೇಳುತ್ತಾ ಹೋದಳು. ಮುದುಕ ಸತ್ತು ಬಹಳ ಕಾಲವಾಯಿತು. ಹಳೆಯ ಫೋಟೋಗಳಲ್ಲಿ ಕಾರು ಬರೀ ಕಪ್ಪಗೆ ಬಿದ್ದಿದೆ. ಈ ಮುಚ್ಚಳ ಇದ್ದರೆ ಸಾಕು. ಇಡೀ ಕಾರನ್ನು ಮೊದಲಿನ ಹಾಗೆ ಮಾಡಿಸಬೇಕು. ಹೇಗೂ ಅಪ್ಪನೂ ಈಗಿಲ್ಲ. ಇಷ್ಟು ಹೇಳಿ ಅವಳು ಒಂದು ಚೂರು ನಕ್ಕಳು. ಎಂಟು ತಿಂಗಳಲ್ಲಿ ಒಂದು ಕೆಲಸ ಮಾಡಬೇಕೆಂದು ನನಗೆ ಅನ್ನಿಸಿದ್ದು ಇದೇ ಮೊದಲು ಎಂದಳು.

ಹೇಳಬೇಕಾದವರು ನಾಲ್ವರು ಅಲ್ಲೇ ನಿಂತಿದ್ದರು. ಹೆಸ್ಟರ್ ಬಗ್ಗಿ ಮುಚ್ಚಳ ತೆರೆದಳು.

ತುಂಬ ಹೊತ್ತು ನೋಡಿದಳು. ತಲೆಯನ್ನು ಒಂದು ಕಡೆ ಬಾಗಿಸಿದಳು. ಇನ್ನೊಂದು ಕಡೆ ಬಾಗಿಸಿದಳು. ಬೆರಳಿನ ತುದಿಯನ್ನು ಕದದ ಒಳಮೈಯ ಮೇಲೆ ಒಮ್ಮೆ ಆಡಿಸಿದಳು.

"ಎಲ್ಲಿ ಮಾಡಿದ್ದು ಅಂತ ಗೊತ್ತೇ ಆಗಲ್ಲ," ಎಂದಳು.

ಸ್ಟ್ಯಾನ್ ಅಭ್ಯಾಸಬಲದಿಂದ ಥ್ಯಾಂಕ್ಸ್ ಎಂದ. ಡಿಲಿಸ್ ಅವನ ಪಕ್ಕೆಗೆ ತಿವಿದಳು.

ಸಿರಿಲ್ ಎಲ್ಲ ಹೇಳಿದ. ಬಂಕು, ಹತ್ತು, ವಿನಿಗರ್, ಸೋಡಾ, ಉಪ್ಪುಕಾಗದ. ಯಾವುದನ್ನೂ ಬಿಡಲಿಲ್ಲ. ಬೈಗುಳಕ್ಕೆ ಕಾದ, ಅದು ಬರಲಿಲ್ಲ. ಇರಲಿ ಬಿಡು ಎನ್ನುವುದಕ್ಕೆ ಕಾದ, ಅದೂ ಬರಲಿಲ್ಲ. ಅವಳು ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೊನೆಗೆ ಸಿರಿಲ್ ತಾಳಲಾರದೆ, "ಐದೇ ಹಾಕಿದೀನಿ ಹೆಸ್ಟರ್. ಕ್ಲೀವ್‌ಲಿಸಿಂದ ನಡೆದು ಹೊತ್ತುಕೊಂಡು ಬಂದೆ" ಎಂದ. ಅವನ ಕಡೆಯಿಂದ ಹೇಳಿಕೊಳ್ಳಲು ಉಳಿದದ್ದು ಅದೊಂದೇ.

"ಲಾರೆನ್ಸ್ ಹತ್ತೇ ಹಾಕ್ತಿದ್ದ," ಎಂದಳು ಹೆಸ್ಟರ್. "ಗೋಡೆ ಮೇಲಿನ ಚೀಟಿ ಕ್ಲಬ್ಬಿನವರು ಬಂದಾಗ ನೋಡ್ಲಿ ಅಂತ."

ನೆವಿಲ್ ಕವುಚಿಟ್ಟಿದ್ದ ಬಕೆಟ್ಟಿನ ಮೇಲೆ ಕೂತುಕೊಂಡ.

ಆ ಬಣ್ಣ ನಿನಗೆ ನೆನಪಿದ್ದೇ ಇರುತ್ತದಲ್ಲ, ಪ್ರೆಸ್ಟನಿನವನಿಗೆ ಬಾಯಲ್ಲಿ ಹೇಳಬಹುದಲ್ಲ ಎಂದು ಡಿಲಿಸ್ ಮೆಲ್ಲಗೆ ಕೇಳಿದಳು.

"ನೆನಪಿದ್ದಿದ್ರೆ ಸ್ಕ್ರೂಡ್ರೈವರ್ ಯಾಕೆ ತರ್ತಿದ್ದೆ?" ಎಂದಳು ಹೆಸ್ಟರ್. ದನಿಯಲ್ಲಿ ಕೋಪವಿರಲಿಲ್ಲ. "ದಿನಾ ನೆನೆಸ್ಕೊಳ್ತೀನಿ. ದಿನಾ ಒಂದು ಚೂರು ಬೇರೆ ಬಣ್ಣ ಆಗಿರತ್ತೆ. ಅದಕ್ಕೇ ಬಂದೆ. ನೀವೆಲ್ಲ ಇವತ್ತೇ ನೋಡಿದ್ದೀರಲ್ಲ. ಹೇಗಿತ್ತು, ಹೇಳಿ."

ಚೀಲದಿಂದ ಒಂದು ಲಕೋಟೆ ತೆಗೆದು, ಅದರ ಬೆನ್ನ ಮೇಲೆ ಬರೆದುಕೊಳ್ಳಲು ಪೆನ್ನು ಹಿಡಿದಳು.

ಹಸಿರು, ಮುಖ್ಯವಾಗಿ ಹಸಿರು, ತಾಮ್ರದ ಪಾತ್ರೆಗೆ ಕಿಲುಬು ಹಿಡಿದರೆ ಬರುವಂಥದು ಎಂದ ನೆವಿಲ್. ಛೆ, ನೇರಳೆ, ಅಂಚಿನಲ್ಲಿ ಮಾತ್ರ ಹಸಿರು ಎಂದಳು ಡಿಲಿಸ್. ಸ್ಟ್ಯಾನ್ ಬಹಳ ಯೋಚಿಸಿ, ಪಾರಿವಾಳದ ಕೊರಳು ಎಂದ. ಆದರೆ ಯಾವ ಪಾರಿವಾಳ ಎಂದು ಕೇಳಿದರೆ ಹೇಳಲಾರೆ ಎಂದೂ ಸೇರಿಸಿದ. ಮೂವರೂ ಅದರ ಮುಂದೆ ಬಹಳ ಹೊತ್ತು ನಿಂತಿದ್ದವರು. ನಿಂತಷ್ಟು ಹೊತ್ತೂ ಅವರಿಗೆ ಅದು ಕಲೆಯಾಗಿತ್ತು.

ಹೆಸ್ಟರ್ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಸಿರಿಲನ ಕಡೆ ತಿರುಗಿದಳು.

ಎಲ್ಲರಿಗಿಂತ ಮೊದಲು ಅದನ್ನು ನೋಡಿದವನು ಸಿರಿಲ್. ಕಲೆಯಲ್ಲದ ಹಾಗೆ ಒಂದು ಗಳಿಗೆಯಾದರೂ ನೋಡಿದವನು ಅವನೊಬ್ಬನೇ. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿದ. ಗ್ಯಾರೇಜನ್ನು ನೆನೆದ, ಮಂಕು ದೀಪವನ್ನು ನೆನೆದ, ತೆರೆದ ಮುಚ್ಚಳವನ್ನು ನೆನೆದ. ಹೆಸ್ಟರ್ ಪೆನ್ನು ಹಿಡಿದು ಕಾಯುತ್ತಿದ್ದಳು.

ಸ್ಟ್ಯಾನ್ ಅಷ್ಟು ಚೆನ್ನಾಗಿ ಹೊಂದಿಸಿದ್ದ. ಎಷ್ಟು ಹೊತ್ತು ಕಣ್ಣು ಮುಚ್ಚಿ ನಿಂತರೂ, ಮುಚ್ಚಳದೊಳಗೆ ಸಿರಿಲನಿಗೆ ಕಂಡದ್ದು ಬರೀ ನೀಲಿ.